ಬೆಲ್ಟ್ ಕೆಟ್ಟಿದೆ ಎಂದು ಯಂತ್ರ ಹೇಳಿದ ಕೂಡಲೇ ನಂಬಬೇಕೇ?



ನವೆಂಬರ್ ಹತ್ತಿರ ಬಂತೆಂದರೆ ಹೊರನಾಡಿನ ನಮ್ಮ ಸಂಘಗಳಲ್ಲಿ ಕಾಗದದ ಕೆಲಸ ಜೋರಾಗುತ್ತದೆ. ರಾಜ್ಯೋತ್ಸವದ ಆಹ್ವಾನ ಪತ್ರಿಕೆ, ಮಕ್ಕಳ ಸ್ಪರ್ಧೆಯ ಪ್ರಮಾಣಪತ್ರ, ಪುಟ್ಟದೊಂದು ಸ್ಮರಣ ಸಂಚಿಕೆ. ಪ್ರೆಸ್ಸಿಗೆ ಕೊಡುವಷ್ಟು ಪ್ರತಿಗಳು ಬೇಕಿರುವುದಿಲ್ಲ. ಹಾಗಾಗಿ ಸಾಹೇಬರ ಅನುಮತಿ ಪಡೆದು ಆಫೀಸಿನ ಕಲರ್ ಕಾಪಿಯರ್ ಮುಂದೆ ನಿಲ್ಲುತ್ತೇವೆ. ಸರಿಯಾಗಿ ಆಗಲೇ ಅದರ ಪುಟ್ಟ ಪರದೆಯ ಮೇಲೆ 'ಟ್ರಾನ್ಸ್‌ಫರ್ ಬೆಲ್ಟ್' ಎಂಬ ಎರಡು ಮಾತು, ಪಕ್ಕದಲ್ಲೊಂದು ಕೋಡ್ ನಂಬರ್!

ಮುಂದಿನದು ನಿಮಗೆ ಗೊತ್ತೇ ಇದೆ. ಕೊನೆಯ ಬಾರಿ ಗುಂಡಿ ಒತ್ತಿದವರ ಕಡೆಗೆ ಎಲ್ಲರ ಕಣ್ಣು. ಮೆಕ್ಯಾನಿಕ್ ಬಂದು ಬೆಲ್ಟ್ ಬದಲಿಸಬೇಕು ಎನ್ನುತ್ತಾರೆ. ಅದು ಸಾವಿರಾರು ರೂಪಾಯಿಯ ಮಾತು. ಹೊಸದು ಹಾಕಿದ ಮೇಲೂ ಅದೇ ಕಲೆ ಬಂದರೆ ಹೋದ ಹಣ ಯಾರು ಕೊಡುತ್ತಾರೆ? ಆದ್ದರಿಂದ ಈ ಸಂಚಿಕೆಯಲ್ಲಿ ಒಂದೇ ಒಂದು ಮಾತನ್ನು ನಿಮಗೆ ಹೇಳಬೇಕಿದೆ. ಪರದೆಯ ಮೇಲೆ ಬರುವ ಹೆಸರು ತೊಂದರೆ ಯಂತ್ರದ ಗಮನಕ್ಕೆ ಬಂದ ಜಾಗದ್ದು. ತೊಂದರೆ ಹುಟ್ಟಿದ ಜಾಗ ಬೇರೆಯೇ ಇರಬಹುದು.

ನಮ್ಮ ಸ್ಟುಡಿಯೋದಲ್ಲಿಯೂ ಹಾಗೆಯೇ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಯಾರೂ ಸ್ಪೀಕರ್ ಬದಲಿಸಲು ಓಡುವುದಿಲ್ಲ. ಮೈಕ್, ಕೇಬಲ್, ಮಿಕ್ಸರ್ ಎಂದು ಧ್ವನಿ ಬಂದ ದಾರಿಯನ್ನೇ ಹಿಡಿದು ಹೋಗುತ್ತಾರೆ. ಕಾಪಿಯರ್‌ನಲ್ಲಿ ಚಿತ್ರ ಬರುವ ದಾರಿಯನ್ನು ನಾವೂ ಹಾಗೆ ಹಿಡಿದು ಹೋಗೋಣ.

ಚಿತ್ರದ ಪ್ರಯಾಣ

ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಮೊದಲ ಒಣ ನಕಲನ್ನು ತೆಗೆದರು. ಶಾಯಿಯಿಲ್ಲದೆ, ಸ್ಥಾಯಿ ವಿದ್ಯುತ್ತಿನ ಸೆಳೆತದಿಂದ ಪುಡಿಯನ್ನು ಅಂಟಿಸಿ, ಆಮೇಲೆ ಬಿಸಿ ಮಾಡಿ ಕಾಗದಕ್ಕೆ ಕೂರಿಸುವ ಉಪಾಯ ಅದು. ಇಂದಿನ ಕಲರ್ ಯಂತ್ರದಲ್ಲೂ ಮೂಲ ಉಪಾಯ ಅದೇ. ಪುಡಿ ಮಾತ್ರ ನಾಲ್ಕು ಬಣ್ಣದ್ದು: ಹಳದಿ, ಮೆಜೆಂಟಾ ಎಂಬ ಕಡುಗುಲಾಬಿ, ಸಯಾನ್ ಎಂಬ ತಿಳಿನೀಲಿ ಮತ್ತು ಕಪ್ಪು.

ಆಫೀಸುಗಳಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಡ್ರಮ್ ಇರುತ್ತದೆ. ನಾಲ್ಕೂ ಡ್ರಮ್‌ಗಳಿಗೆ ತಾಗಿಕೊಂಡು ಒಂದು ನುಣುಪಾದ, ತೆಳುವಾದ ಪಟ್ಟಿ ಸುತ್ತುತ್ತಿರುತ್ತದೆ. ಅದೇ ಟ್ರಾನ್ಸ್‌ಫರ್ ಬೆಲ್ಟ್. ಪ್ರತಿ ಡ್ರಮ್ಮಿನ ಎದುರು, ಬೆಲ್ಟಿನ ಒಳಮೈಗೆ ಒಂದು ರೋಲರ್ ಇರುತ್ತದೆ. ಅದಕ್ಕೆ ವಿದ್ಯುತ್ ಕೊಟ್ಟಾಗ ಡ್ರಮ್ಮಿನ ಮೇಲಿನ ಪುಡಿ ಬೆಲ್ಟಿಗೆ ಹಾರುತ್ತದೆ. ನಾಲ್ಕು ಬಣ್ಣಗಳೂ ಬೆಲ್ಟಿನ ಮೇಲೆ ಒಂದರ ಮೇಲೊಂದು ಕೂತ ಮೇಲೆ ಕಾಗದ ಬಂದು ಬೆಲ್ಟಿಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಇನ್ನೊಂದು ರೋಲರ್ ಇಡೀ ಚಿತ್ರವನ್ನು ಕಾಗದಕ್ಕೆ ಎಳೆದುಕೊಡುತ್ತದೆ. ಕಾಗದ ಮುಂದಕ್ಕೆ ಹೋಗಿ ಫ್ಯೂಸರಿನ ಬಿಸಿಗೆ ಸಿಕ್ಕಾಗ ಪುಡಿ ಕರಗಿ ಅಂಟುತ್ತದೆ. ಬೆಲ್ಟಿನ ಮೇಲೆ ಉಳಿದ ಪುಡಿಯನ್ನು ಒಂದು ರಬ್ಬರ್ ಬ್ಲೇಡ್ ಕೆರೆದು ತ್ಯಾಜ್ಯದ ಡಬ್ಬಕ್ಕೆ ಕಳಿಸುತ್ತದೆ.

ಡ್ರಮ್, ಬೆಲ್ಟ್, ಕಾಗದ, ಫ್ಯೂಸರ್. ಇಷ್ಟೇ ನಿಲ್ದಾಣಗಳು. ಚಿತ್ರ ಯಾವ ನಿಲ್ದಾಣದಲ್ಲಿ ಕೆಟ್ಟಿತು ಎಂಬುದೇ ಪ್ರಶ್ನೆ.

ನಮ್ಮ ಬಾವುಟವೇ ಪರೀಕ್ಷಾ ಪುಟ

ಮೊದಲು ಗಾಜಿನ ಮೇಲೆ ಏನನ್ನೂ ಇಡದೆ, ಯಂತ್ರದ ಮೆನುವಿನಿಂದಲೇ ಒಂದು ಬಣ್ಣದ ಪರೀಕ್ಷಾ ಪುಟ ತೆಗೆಯಿರಿ. ಆ ಪುಟ ಶುದ್ಧವಾಗಿದ್ದು ನಕಲಿನಲ್ಲಿ ಮಾತ್ರ ಗೆರೆ ಬಂದರೆ, ತಪ್ಪು ಸ್ಕ್ಯಾನರ್ ಗಾಜಿನ ಕೊಳೆಯದು. ಬೆಲ್ಟನ್ನು ಸುಮ್ಮನೆ ಬಿಡಿ.

ಆಮೇಲೆ ಕಂಪ್ಯೂಟರಿನಿಂದ ನಮ್ಮ ಹಳದಿ-ಕೆಂಪು ಬಾವುಟದ ಚಿತ್ರವನ್ನು ಪುಟ ತುಂಬ ಪ್ರಿಂಟ್ ಮಾಡಿ ನೋಡಿ. ಮೇಲಿನ ಅರಿಶಿನಕ್ಕೆ ಬಹುತೇಕ ಹಳದಿ ಪುಡಿಯೊಂದೇ ಸಾಕು. ಕೆಳಗಿನ ಕುಂಕುಮಕ್ಕೆ ಹಳದಿಯ ಜೊತೆ ಮೆಜೆಂಟಾ ಸೇರಬೇಕು. ಮೆಜೆಂಟಾ ಕೈಕೊಟ್ಟರೆ ಬಾವುಟವೆಲ್ಲ ಅರಿಶಿನ. ಹಳದಿ ಕೈಕೊಟ್ಟರೆ ಮೇಲಿನ ಅರ್ಧ ಬಿಳಿ, ಕೆಳಗಿನ ಅರ್ಧ ಗುಲಾಬಿ. ಹೀಗೆ ಒಂದು ಬಣ್ಣದಲ್ಲಿ ಮಾತ್ರ ದೋಷವಿದ್ದರೆ ಆ ಬಣ್ಣದ ಟೋನರ್, ಡ್ರಮ್ ಅಥವಾ ಅದರ ಎದುರಿನ ರೋಲರ್ ಕಡೆ ನೋಡಬೇಕು. ಎಲ್ಲ ಬಣ್ಣಗಳಲ್ಲೂ ಒಂದೇ ಜಾಗದಲ್ಲಿ ದೋಷವಿದ್ದರೆ ಮಾತ್ರ ಬೆಲ್ಟ್, ಕಾಗದಕ್ಕೆ ಒತ್ತುವ ರೋಲರ್ ಮತ್ತು ಫ್ಯೂಸರ್ ಮೇಲೆ ಸಂಶಯ ಪಡಿ.

ಕೆಂಪು ಮತ್ತು ಹಳದಿಯ ಅಂಚು ಕದಡಿದ್ದರೆ, ಕನ್ನಡದ ಒತ್ತಕ್ಷರಗಳಿಗೆ ಬಣ್ಣದ ನೆರಳು ಬಿದ್ದಿದ್ದರೆ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಎಂದರ್ಥ. ಮೆನುವಿನಲ್ಲಿ ಬಣ್ಣ ಹೊಂದಿಸುವ ಕ್ಯಾಲಿಬ್ರೇಷನ್ ಇರುತ್ತದೆ. ಮೊದಲು ಅದನ್ನು ನಡೆಸಿ. ಬೆಲ್ಟಿನ ಮೇಲಿನ ಗುರುತು ಓದುವ ಸೆನ್ಸರಿಗೆ ಪುಡಿ ಮೆತ್ತಿದರೂ ಹೀಗಾಗುತ್ತದೆ, ಕೋಡ್ ಕೂಡ ಬರುತ್ತದೆ.

ಸ್ಕೇಲ್ ಹಿಡಿದು ಅಳೆಯಿರಿ

ಕಲೆ ಪುಟದ ಮೇಲೆ ಮತ್ತೆ ಮತ್ತೆ ಬರುತ್ತಿದೆಯೇ? ಕಾಗದ ಸಾಗುವ ದಿಕ್ಕಿನಲ್ಲಿ ಎರಡು ಕಲೆಗಳ ನಡುವಿನ ದೂರ ಅಳೆಯಿರಿ. ಸುತ್ತುವ ಯಾವುದೇ ಭಾಗ ತನ್ನ ಸುತ್ತಳತೆಗೆ ಒಮ್ಮೆ ಗುರುತು ಬಿಡುತ್ತದೆ. 30 ಮಿಲಿಮೀಟರ್ ವ್ಯಾಸದ ಡ್ರಮ್ ಆದರೆ ಸುಮಾರು 94 ಮಿಲಿಮೀಟರಿಗೊಮ್ಮೆ, ಎಂದರೆ ಉದ್ದುದ್ದಕ್ಕೆ ಸಾಗುವ ಎ4 ಹಾಳೆಯಲ್ಲಿ ಮೂರು ಸಲ. 20 ಮಿಲಿಮೀಟರ್ ರೋಲರ್ ಆದರೆ ಸುಮಾರು 63 ಮಿಲಿಮೀಟರಿಗೊಮ್ಮೆ. ಬೆಲ್ಟ್ ಇವೆಲ್ಲಕ್ಕಿಂತ ಬಹಳ ಉದ್ದ. ಅದರ ಮೇಲಿನ ಗೀರು ಸಾಮಾನ್ಯವಾಗಿ ಒಂದೇ ಪುಟದಲ್ಲಿ ಹಲವು ಸಲ ಕಾಣುವುದಿಲ್ಲ. ಕೆಲವು ಪುಟ ಬಿಟ್ಟು, ಒಂದೊಂದು ಪುಟದಲ್ಲಿ ಒಂದೊಂದು ಎತ್ತರದಲ್ಲಿ ಕಾಣುತ್ತದೆ. ಆದ್ದರಿಂದ ಒಂದೇ ಪುಟ ನೋಡಿ ತೀರ್ಮಾನಿಸಬೇಡಿ, ಹತ್ತು ಪುಟ ತೆಗೆದು ಸಾಲಾಗಿ ಜೋಡಿಸಿ ನೋಡಿ.

ಕಾಗದದ ಹಿಂಬದಿ ಕೊಳೆಯಾಗುತ್ತಿದ್ದರೆ ಕಾಗದವನ್ನು ಬೆಲ್ಟಿಗೆ ಒತ್ತುವ ರೋಲರಿಗೆ ಪುಡಿ ಮೆತ್ತಿರಬಹುದು. ಹಿಂದಿನ ಪುಟದ ಚಿತ್ರ ಮುಂದಿನ ಪುಟದಲ್ಲಿ ಮಸುಕಾಗಿ ಇಣುಕಿದರೆ ಬೆಲ್ಟ್ ಒರೆಸುವ ಬ್ಲೇಡ್ ಸವೆದಿರಬಹುದು. ಬೆರಳಿನಿಂದ ಉಜ್ಜಿದರೆ ಅಕ್ಷರ ಉದುರಿದರೆ ಅದು ಫ್ಯೂಸರಿನ ಸಮಸ್ಯೆ ಅಥವಾ ದಪ್ಪ ಕಾಗದಕ್ಕೆ ಸರಿಯಾದ ಸೆಟ್ಟಿಂಗ್ ಕೊಡದ ಸಮಸ್ಯೆ.

ಇಷ್ಟಾದರೂ ಗೊತ್ತಾಗದಿದ್ದರೆ ಮೆಕ್ಯಾನಿಕ್ ಮಾಡುವ ಒಂದು ಪರೀಕ್ಷೆ ಇದೆ. ಪ್ರಿಂಟ್ ಅರ್ಧ ದಾರಿಯಲ್ಲಿದ್ದಾಗ ಬಾಗಿಲು ತೆರೆದು ಯಂತ್ರವನ್ನು ನಿಲ್ಲಿಸಿ, ಬೆಲ್ಟಿನ ಮೇಲಿನ ಚಿತ್ರ ನೋಡುತ್ತಾರೆ. ಅಲ್ಲಿ ಚಿತ್ರ ಚೊಕ್ಕವಾಗಿದ್ದರೆ ದೋಷ ಬೆಲ್ಟಿನಿಂದಾಚೆ. ಅಲ್ಲೇ ಕೆಟ್ಟಿದ್ದರೆ ದೋಷ ಬೆಲ್ಟಿನಲ್ಲಿ ಅಥವಾ ಅದಕ್ಕೂ ಹಿಂದೆ. ಈ ಪರೀಕ್ಷೆ ಮಾಡಿ ತೋರಿಸಿ ಎಂದು ಧಾರಾಳವಾಗಿ ಕೇಳಿ.

ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮುಂಬೈನ ಜುಲೈ, ಚೆನ್ನೈನ ನವೆಂಬರ್ ತಿಂಗಳ ಗಾಳಿಯಲ್ಲಿ ತೇವ ಹೆಚ್ಚು. ತೇವ ಹೀರಿದ ಕಾಗದದ ಮೇಲೆ ವಿದ್ಯುತ್ತಿನ ಸೆಳೆತ ಸರಿಯಾಗಿ ನಿಲ್ಲುವುದಿಲ್ಲ. ಪುಡಿ ಅಲ್ಲಲ್ಲಿ ಬಿಟ್ಟುಹೋಗಿ ಬಣ್ಣ ತೇಪೆ ತೇಪೆಯಾಗುತ್ತದೆ. ನೋಡಿದವರು ಬೆಲ್ಟ್ ಹೋಯಿತು ಎನ್ನುತ್ತಾರೆ. ಹೊಸ ಕಾಗದದ ಕಟ್ಟು ಒಡೆದು ಹಾಕಿ ನೋಡಿ. ಸರಿಹೋದರೆ ಖರ್ಚು ಒಂದು ರೀಮ್ ಕಾಗದದ್ದಷ್ಟೇ. ಉಳಿದ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ದೆಹಲಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯದು ಇನ್ನೊಂದು ಕಷ್ಟ. ಒಣಗಾಳಿಗೆ ಹಾಳೆಗಳು ಒಂದಕ್ಕೊಂದು ಅಂಟಿ ಬರುತ್ತವೆ.

ಚಿತ್ರ ಬರದೆ ಬರೀ ಕೋಡ್ ಬಂದರೆ

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಯಂತ್ರ ತಣ್ಣಗಾಗಲು ಬಿಡಿ. ಬೆಲ್ಟ್ ಘಟಕ ಪೂರ್ತಿ ಒಳಗೆ ಕೂತಿದೆಯೇ, ಅದರ ಚಿಲಕದ ಲಿವರ್ ಬಿಗಿಯಾಗಿದೆಯೇ, ಕಾಗದದ ಚೂರು ಸಿಕ್ಕಿಕೊಂಡಿದೆಯೇ, ತ್ಯಾಜ್ಯದ ಡಬ್ಬ ತುಂಬಿದೆಯೇ ನೋಡಿ. ಹೊಸ ಘಟಕವಾದರೆ ಸಾಗಣೆಗೆಂದು ಹಾಕಿದ ಟೇಪು, ಪಿನ್ನು ಉಳಿದಿರಬಹುದು. ಅನೇಕ ಯಂತ್ರಗಳಲ್ಲಿ ಕಪ್ಪು ಪ್ರತಿಗೆ ಬೆಲ್ಟ್ ಕಪ್ಪು ಡ್ರಮ್ಮಿಗೆ ಮಾತ್ರ ತಾಗುತ್ತದೆ. ಬಣ್ಣಕ್ಕೆ ಮಾತ್ರ ನಾಲ್ಕಕ್ಕೂ ತಾಗುತ್ತದೆ. ಕಪ್ಪು ಪ್ರತಿ ಸರಾಗವಾಗಿ ಬಂದು ಬಣ್ಣ ಕೇಳಿದಾಗ ಮಾತ್ರ ಕೋಡ್ ಬಂದರೆ, ಬೆಲ್ಟನ್ನು ಹತ್ತಿರ-ದೂರ ಸರಿಸುವ ವ್ಯವಸ್ಥೆಯನ್ನು ನೋಡಿ ಎಂದು ಮೆಕ್ಯಾನಿಕ್‌ಗೆ ತಿಳಿಸಿ.

ಬೆಲ್ಟಿನ ಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಎಣ್ಣೆ ಜಿಡ್ಡು ಕಲೆಯಾಗಿ ಉಳಿಯುತ್ತದೆ. ಡ್ರಮ್ ಬೆಳಕಿಗೆ ಒಡ್ಡಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ತರಬೇಡಿ, ಟೋನರಿನ ಸಣ್ಣ ಪುಡಿ ಅದರ ಜಾಲರಿಯಿಂದ ನುಸುಳಿ ಕೋಣೆಯೆಲ್ಲ ಹರಡುತ್ತದೆ. ಬಟ್ಟೆಗೆ ಪುಡಿ ಬಿದ್ದರೆ ಕೊಡವಿ ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರು ಬೇಡ. ಫ್ಯೂಸರ್ ಹತ್ತಿರ ಕೈ ಹಾಕಲೇಬೇಡಿ.

ಮೆಕ್ಯಾನಿಕ್ ಬಂದಾಗ

ಕೋಡ್ ನಂಬರ್ ಇದ್ದ ಹಾಗೆ ಬರೆದಿಟ್ಟುಕೊಳ್ಳಿ. ಹತ್ತು ಪುಟಗಳ ಸಾಲು, ಅಳತೆ, ಹೊಸ ಕಾಗದದ ಫಲಿತಾಂಶ ಮುಂದಿಡಿ. ಬಿಡಿಭಾಗಗಳ ಆಯುಸ್ಸು ಎಷ್ಟು ಉಳಿದಿದೆ ಎಂದು ತೋರಿಸುವ ಪುಟ ಅನೇಕ ಯಂತ್ರಗಳಲ್ಲಿದೆ, ಅದನ್ನೂ ತೆಗೆದಿಡಿ. ಬೆಲ್ಟಿನ ಆಯುಸ್ಸು ನಿಜಕ್ಕೂ ಮುಗಿದಿದ್ದರೆ ಬದಲಿಸುವುದೇ ಸರಿ. ಎಣಿಕೆಯನ್ನು ಮಾತ್ರ ಸೊನ್ನೆ ಮಾಡಿಸಿ ಹಳೆಯದನ್ನೇ ಓಡಿಸಿದರೆ ಸವೆದ ಬ್ಲೇಡ್ ಹೊಸದಾಗುವುದಿಲ್ಲ. ಹೊಸ ಬೆಲ್ಟ್ ಹಾಕಿದ ಮೇಲೂ ಅದೇ ಸೂಚನೆ ಬಂದರೆ ಎಣಿಕೆ ಸೊನ್ನೆ ಮಾಡಿದ್ದಾರೆಯೇ ಎಂದು ವಿಚಾರಿಸಿ.

ವಾರ್ಷಿಕ ನಿರ್ವಹಣೆಯ ಕರಾರು, ಅಂದರೆ ಎ.ಎಂ.ಸಿ. ಕಾಗದವನ್ನೂ ಒಮ್ಮೆ ಓದಿ. ಕೆಲವದರಲ್ಲಿ ಬಿಡಿಭಾಗವೂ ಸೇರಿರುತ್ತದೆ, ಕೆಲವದರಲ್ಲಿ ಕೂಲಿ ಮಾತ್ರ. ಬೆಲ್ಟ್ ಯಾವ ಪಟ್ಟಿಯಲ್ಲಿದೆ ಎಂಬುದು ಯಂತ್ರ ಕೆಡುವ ಮೊದಲೇ ಗೊತ್ತಿರಲಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಿ.

ಮುಂದಿನ ಬಾರಿ ಆಫೀಸಿನಲ್ಲಿ ಯಾರಾದರೂ "ಇದನ್ನು ಕೆಡಿಸಿದವರು ಯಾರು?" ಎಂದು ಕೂಗಿದರೆ, "ಯಾರು ಅನ್ನೋದು ಆಮೇಲೆ, ಎಲ್ಲಿ ಅನ್ನೋದು ಮೊದಲು ನೋಡೋಣ ಸಾರ್" ಎನ್ನಿ. ಕೈಯಲ್ಲೊಂದು ಸ್ಕೇಲ್ ಇರಲಿ.