ಕೊಡದೊಳಗಿನ ಕೋಟೆ

ಚಿದ್ರಿಯ ಮನೆಯಲ್ಲಾಗಲಿ, ಭಾಲ್ಕಿ, ಔರಾದಗಳ ಮನೆಗಳಲ್ಲಾಗಲಿ, ನೀರಿನ ಕೊಡವನ್ನು ನಾಲ್ಕು ದಿನ ತಿಕ್ಕದೆ ಬಿಟ್ಟರೆ ಅದರ ಒಳಮೈ ಬೆರಳಿಗೆ ಜಾರತೊಡಗುವುದು. ಗೃಹಿಣಿಯರು ಪಾಚಿಯೆಂದು ಕರೆಯುವ ಈ ಲೋಳೆ ಬಹುಮಟ್ಟಿಗೆ ಪಾಚಿಯಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ತಮಗಾಗಿ ಕಟ್ಟಿಕೊಂಡ ಕೋಟೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್, ಎಂದರೆ ಜೈವಿಕ ಪದರ, ಎನ್ನುತ್ತಾರೆ. ಬಹಮನಿ ಸುಲ್ತಾನರು ಬೀದರಿನಲ್ಲಿ ಕೋಟೆ ಕಟ್ಟಿದ್ದು 15ನೆಯ ಶತಮಾನದಲ್ಲಿ. ಬ್ಯಾಕ್ಟೀರಿಯಾಗಳ ಕೋಟೆಗಾರಿಕೆ ಅದಕ್ಕಿಂತ ಕೋಟ್ಯಂತರ ವರ್ಷ ಹಳೆಯದು.

ಕೋಟೆ ಕಟ್ಟಬೇಕೆ, ಬೇಡವೆ ಎಂಬುದನ್ನು ಸುತ್ತಲಿನ ಸೂಚನೆಗಳು ನಿರ್ಧರಿಸುತ್ತವೆ. ಮೈ ತಾಕಿದ ಗಟ್ಟಿ ನೆಲೆ, ನೀರಿನ ಶಾಖ, ಉಪ್ಪು, ಆಹಾರದ ಪ್ರಮಾಣ ಇವೆಲ್ಲ ಸೂಚನೆಗಳೇ. ಈ ಸುದ್ದಿಯನ್ನು ಜೀವಕೋಶದೊಳಗೆ ಸಾರುವ ಪುಟ್ಟ ಅಣುವನ್ನು 1987ರಲ್ಲಿ ಇಸ್ರೇಲಿನ ಮೋಶೆ ಬೆನ್‌ಜಿಮನ್ ಮತ್ತು ಸಂಗಡಿಗರು ಗುರುತಿಸಿದರು. ಅದು ಹೆಚ್ಚಿದರೆ ಬ್ಯಾಕ್ಟೀರಿಯಾ ಈಜುವುದನ್ನು ಬಿಟ್ಟು ನೆಲೆಯೂರುವುದು. ತಗ್ಗಿದರೆ ಕಳಚಿಕೊಂಡು ಹೊರಡುವುದು.

ಕಾಲರಾ ರೋಗಾಣುವಿನ ನಡತೆ ಇದಕ್ಕೆ ಒಳ್ಳೆಯ ನಿದರ್ಶನ. ನೀರು ತಂಪಾದರೆ ಅದರ ಪದರ ದಟ್ಟವಾಗುತ್ತದೆ. ಕೆರೆಕುಂಟೆಗಳಲ್ಲಿ ಅದು ಸೂಕ್ಷ್ಮ ಜಲಜೀವಿಗಳ ಮೈಗೆ ಅಂಟಿ ಬಾಳುತ್ತದೆ. ಜಠರದ ಆಮ್ಲಕ್ಕೆ ಬಿಡಿ ರೋಗಾಣುಗಳು ಸುಲಭವಾಗಿ ಬಲಿಯಾದರೆ, ಪದರದೊಳಗಿರುವವು ಪಾರಾಗಿ ಕರುಳನ್ನು ಸೇರುವುದುಂಟು. ಅಲ್ಲಿ ಸಂಖ್ಯೆ ಬೆಳೆದಾಗ ಅವು ಪರಸ್ಪರ ರಾಸಾಯನಿಕ ಸಂಕೇತ ಕಳುಹಿಸಿ, ಪದರವನ್ನು ಸಡಿಲಿಸಿ ಮತ್ತೆ ಹೊರಬೀಳುತ್ತವೆ.

ಅಂಟಿ ಬಾಳುವ ಈ ಗುಣವೇ ಅವುಗಳ ದೌರ್ಬಲ್ಯವೂ ಹೌದು. ಹಳೆಯ ಸೀರೆಯನ್ನು ನಾಲ್ಕು ಬಾರಿ ಮಡಿಸಿ ನೀರು ಸೋಸಿದರೆ ಜಲಜೀವಿಗಳೊಂದಿಗೆ ರೋಗಾಣುಗಳೂ ಬಟ್ಟೆಯಲ್ಲಿ ಉಳಿಯುತ್ತವೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಇದರಿಂದ ಕಾಲರಾ ನೂರಕ್ಕೆ 48ರಷ್ಟು ತಗ್ಗಿತೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು.

ಬೀದರ ಸೀಮೆಯ ಹೆಮ್ಮೆಯ ದೇವಣಿ ಹಸುವಿಗೂ ಈ ಕೋಟೆಯ ಕಾಟ ತಪ್ಪಿದ್ದಲ್ಲ. ಕೆಚ್ಚಲುಬಾವು ತರುವ ಸ್ಟ್ಯಾಫಿಲೊಕಾಕಸ್ ಇಂಥದೇ ಪದರದಲ್ಲಿ ಅವಿತುಕೊಂಡರೆ ಔಷಧ ಅದನ್ನು ಪೂರ್ತಿಯಾಗಿ ಕೊಲ್ಲಲಾರದು. ವಾಸಿಯಾಯಿತೆಂದುಕೊಂಡ ಬೇನೆ ಮರುಕಳಿಸುವುದು.

ಆದುದರಿಂದ ಕೊಡವನ್ನು ಬರಿದೆ ಗಲಬರಿಸಿದರೆ ಸಾಲದು. ಒಳಗೆ ಕೈಹಾಕಿ ತಿಕ್ಕಬೇಕು, ತೊಳೆದು ಬಿಸಿಲಿಗೆ ಒಣಗಿಸಬೇಕು. ಸಂದೇಹವಿದ್ದ ನೀರನ್ನು ಕುದಿಸಿಯೇ ಕುಡಿಯಬೇಕು. ಅಜ್ಜಿಯರು ಪ್ರತಿದಿನ ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡವನ್ನು ಬೆಳಗುತ್ತಿದ್ದುದು ಹೊಳಪಿಗಾಗಿಯೇ ಇರಬಹುದು. ಕೋಟೆ ಏಳುವ ಮುನ್ನವೇ ಅದರ ತಳಪಾಯ ಕೀಳುತ್ತಿದ್ದುದೂ ಆ ಕೈಗಳೇ.