ಬೀದಿನಾಯಿಯ ಹೊಣೆ ಯಾರದು?

ವ್ಯಾಪಾರಕ್ಕೋ ಪ್ರವಾಸಕ್ಕೋ ಹೊಸಪೇಟೆ ಕಡೆ ಹೋದ ನಮ್ಮವರು ಹಂಪಿಯ ರಥಬೀದಿಯಲ್ಲಿ ಈ ನೋಟ ಕಂಡೇ ಇರುತ್ತಾರೆ. ಕಲ್ಲುಮಂಟಪದ ನೆರಳಲ್ಲಿ ಮಲಗಿದ ನಾಯಿ, ಸುತ್ತ ಬಡಕಲು ಮರಿಗಳು. ಪ್ರವಾಸಿಗರು ಬರುವ ಚಳಿಗಾಲದಲ್ಲಿ ಬಿಸ್ಕತ್ತು ಸಿಗುತ್ತದೆ. ಬಿಸಿಲೇರಿ ಜನ ಕಡಿಮೆಯಾದ ಮೇಲೆ ಅವುಗಳನ್ನು ಕೇಳುವವರು ಯಾರು?

ಹೆಣ್ಣು ನಾಯಿಗೆ ಗರ್ಭ ಸುಮಾರು 63 ದಿನ. ವರ್ಷಕ್ಕೆ ಒಂದೆರಡು ಸಲ, ಪ್ರತಿ ಸಲವೂ ನಾಲ್ಕಾರು ಮರಿ. ಹೆಚ್ಚಿನವು ಬೆಳೆಯುವ ಮೊದಲೇ ಸಾಯುತ್ತವೆ. ಉಳಿದವು ಮತ್ತೆ ಬೀದಿಗೆ. ಕೊಂದು ಮುಗಿಸೋಣ ಎಂದರೆ ಕಾನೂನು ಬಿಡುವುದಿಲ್ಲ. 2001ರ ಪ್ರಾಣಿ ಜನನ ನಿಯಂತ್ರಣ ನಿಯಮವೂ, ಅದರ ಬದಲಿಗೆ ಬಂದ 2023ರ ನಿಯಮವೂ ಹೇಳುವುದು ಒಂದೇ: ಹಿಡಿಯಿರಿ, ಸಂತಾನಶಕ್ತಿಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ಬೇರೆಡೆ ಬಿಟ್ಟರೆ ಖಾಲಿಯಾದ ಜಾಗಕ್ಕೆ ಹೊಸ ನಾಯಿಗಳು ಬರುತ್ತವೆ. ಆಪರೇಷನ್ ಆದ ನಾಯಿಯ ಕಿವಿಯಲ್ಲಿ ಸಣ್ಣ ಕತ್ತರಿ ಗುರುತು ಇರುತ್ತದೆ.

ಹೊಣೆ ಸ್ಥಳೀಯ ಆಡಳಿತದ್ದು. ಹೊಸಪೇಟೆಯಲ್ಲಿ ನಗರಸಭೆ, ಸಂಡೂರು, ಕಂಪ್ಲಿಯಲ್ಲಿ ಪುರಸಭೆ, ಹಂಪಿಯಲ್ಲಿ ಗ್ರಾಮ ಪಂಚಾಯತ್. ಆದರೆ ಊರಿನ ಸ್ವಯಂಸೇವಕರಿಲ್ಲದೆ ಈ ಕೆಲಸ ಸಾಗದು. ಬಲೆ ಕಂಡರೆ ಓಡುವ ನಾಯಿ, ದಿನಾ ಅನ್ನ ಹಾಕುವವರ ಹತ್ತಿರ ಬಾಲ ಆಡಿಸ್ಕೊಂಡು ಬರ್ತದೆ. ಯಾವ ಕೇರಿಯಲ್ಲಿ ಎಷ್ಟಿವೆ, ಯಾವುದು ಗಬ್ಬವಾಗಿದೆ ಎಂಬುದು ಗೊತ್ತಿರುವುದೂ ಅವರಿಗೇ. ಒಂದು ಪ್ರದೇಶದ ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮಂಗಳೂರಿನಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇಂಥ ಕೆಲಸ ಮಾಡಿಕೊಂಡು ಬಂದಿದೆ.

ಇದರಲ್ಲಿ ನಮ್ಮ ಪಾಲೆಷ್ಟು? 'ನಾಯಿ ನಜೀಸ್' ಎಂದು ದೂರ ನಿಲ್ಲುತ್ತೇವೆ. ಶಾಫಿಈ ಮದ್ಹಬಿನಲ್ಲಿ ನಾಯಿಯ ಜೊಲ್ಲು ತಾಗಿದರೆ ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿದ ನೀರಿನಿಂದ ತೊಳೆಯಬೇಕು, ನಿಜ. ಆದರೆ ತೊಳೆಯುವ ದಾರಿ ಹೇಳಿಕೊಟ್ಟ ದೀನ್ ಕರುಣೆಯ ಬಾಗಿಲು ಮುಚ್ಚಿಲ್ಲ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದವರ ಪಾಪ ಮನ್ನಿಸಲಾಯಿತೆಂದೂ, ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದವಳು ಶಿಕ್ಷೆಗೆ ಗುರಿಯಾದಳೆಂದೂ ಹದೀಸ್‌ನಲ್ಲಿದೆ. ಮದ್ರಸದಲ್ಲಿ ನಾವೆಲ್ಲ ಕೇಳಿದ್ದೇ.

ಹಾಗಿದ್ದೂ ಮನೆಯ ಬೆಕ್ಕು ಮರಿ ಹಾಕಿದರೆ ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟಿಗೆ ಬಿಟ್ಟು ಬರುತ್ತೇವೆ. ಬಕ್ರೀದ್ ಮರುದಿನ ಖುರ್ಬಾನಿಯ ತ್ಯಾಜ್ಯ ರಸ್ತೆ ಬದಿ ಸೇರಿದರೆ ನಾಯಿ ಹಿಂಡು ಅಲ್ಲೇ ನೆಲೆಸುತ್ತದೆ. ಆಮೇಲೆ ಮದ್ರಸಕ್ಕೆ ಹೋಗುವ ಮಕ್ಕಳಿಗೆ ಕಚ್ಚಿತು ಎಂದು ದೂರುವವರೂ ನಾವೇ.

ಕಚ್ಚಿದರೆ ಮಾತ್ರ ತಡ ಬೇಡ. ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ.

ಹಂಪಿಯಾಗಲಿ, ಉಳ್ಳಾಲವಾಗಲಿ ದಾರಿ ಒಂದೇ. ಜಮಾಅತಿನ ಮುಂದಿನ ಸಭೆಯಲ್ಲಿ ಎರಡು ವಿಷಯ ಎತ್ತೋಣ: ಖುರ್ಬಾನಿ ತ್ಯಾಜ್ಯ ಹೂಳಲು ಒಂದು ಜಾಗ, ಮಹಲ್ಲಿನ ನಾಯಿಗಳ ಲೆಕ್ಕದೊಂದಿಗೆ ಪಂಚಾಯತಿಗೆ ಒಂದು ಅರ್ಜಿ. ಸಾಕಿದ ಬೆಕ್ಕಿನ ಆಪರೇಷನ್ ಬಗ್ಗೆ ಸಂಶಯವಿದ್ದರೆ ಉಸ್ತಾದರಲ್ಲೂ ಪಶುವೈದ್ಯರಲ್ಲೂ ಕೇಳಿ. ಗೋಣಿ ಕಟ್ಟುವ ಮೊದಲು ಕೇಳಿ.