ಮೆಕ್ಕಲಿನಡಿಯ ಸೈಬರಿಸ್

ದಕ್ಷಿಣ ಇಟಲಿಯ ಕ್ರಾತಿ ನದಿಯ ಬಯಲಿನಲ್ಲಿ ಕ್ರಿ.ಪೂ. 720ರ ಸುಮಾರಿಗೆ ಗ್ರೀಕ್ ವಲಸಿಗರು ಕಟ್ಟಿದ ನಗರರಾಜ್ಯ ಸೈಬರಿಸ್. ಕ್ರಿ.ಪೂ. 510ರಲ್ಲಿ ನೆರೆಯ ಕ್ರೋಟನ್ ನಗರದವರು ಅದನ್ನು ಗೆದ್ದು, ನದಿಯನ್ನೇ ಅದರ ಮೇಲೆ ಹರಿಸಿದರೆಂದು ಪ್ರಾಚೀನ ಲೇಖಕ ಸ್ಟ್ರಾಬೊ ಬರೆದಿದ್ದಾನೆ. ಆದರೆ ಅದು 4ರಿಂದ 6 ಮೀಟರ್ ಆಳಕ್ಕೆ ಹೋಗಲು ಆ ಒಂದು ಸೇಡು ಸಾಲದು. ನೆಲದ ಕುಸಿತ, ಶತಮಾನಗಳ ಮೆಕ್ಕಲು ಎರಡೂ ಸೇರಿವೆ.

ಅಂತರ್ಜಲ ಮೇಲೆಯೇ ಇದ್ದುದರಿಂದ ಅಗೆದು ಹುಡುಕುವುದು ಕಷ್ಟವಾಗಿತ್ತು. 1960ರ ದಶಕದಲ್ಲಿ ಅಮೆರಿಕ ಮತ್ತು ಇಟಲಿಯ ತಜ್ಞರು ಕಾಂತಮಾಪಕದ ಮೊರೆಹೊಕ್ಕರು. ಸುಟ್ಟ ಹೆಂಚು ತಣಿಯುವಾಗ ಅದರಲ್ಲಿರುವ ಕಬ್ಬಿಣದ ಆಕ್ಸೈಡ್, ಭೂಕಾಂತಕ್ಷೇತ್ರದಿಂದ ಕಾಂತತ್ವ ಪಡೆದು ಉಳಿಸಿಕೊಳ್ಳುತ್ತದೆ. ಹೂತುಹೋದ ಹೆಂಚಿನ ರಾಶಿಯ ಮೇಲೆ ಕ್ಷೇತ್ರದ ತೀವ್ರತೆ ತುಸು ಬದಲಾಗುತ್ತದೆ. ತೊಡಕಿರುವುದು ಆಳದಲ್ಲಿ. ಸಣ್ಣ ರಾಶಿಯಾದರೆ ಈ ವ್ಯತ್ಯಾಸ ಸುಮಾರಾಗಿ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. 2 ಮೀಟರಿನಿಂದ 6 ಮೀಟರಿಗೆ ಹೋದರೆ ಉಳಿಯುವುದು 27ರಲ್ಲಿ ಒಂದು ಪಾಲು! ಇಷ್ಟು ಕ್ಷೀಣ ಸಂಕೇತಕ್ಕೆ, ಪ್ರೋಟಾನ್ ಮಾಪಕಕ್ಕಿಂತ ಹೆಚ್ಚು ಸೂಕ್ಷ್ಮವಾದ ಸೀಸಿಯಂ ಮಾಪಕವೇ ಬೇಕಾಯಿತು. 1968ರಲ್ಲಿ ನೆಲೆ ಖಚಿತವಾಯಿತು.

ಉತ್ಖನನದ ತಾಣವನ್ನು ಒಣಗಿಸಿಡಲು ಪಂಪುಗಳಿಂದ ಸತತವಾಗಿ ನೀರೆತ್ತಬೇಕು. 2013ರ ಜನವರಿಯಲ್ಲಿ ಕ್ರಾತಿ ಉಕ್ಕಿ ಹರಿದು, ತಾಣ ಮತ್ತೆ ನೀರು, ಕೆಸರಿನಡಿ ಸೇರಿತು. ಈ ಸಲ ಅದನ್ನು ಯಾರೂ ತಿರುಗಿಸಿರಲಿಲ್ಲ.